‘ನಿದ್ದೆ ಬಿಡ್ರೋ’ ಹಾಡಿಗೆ ಎರಡನೇ ಚರಣವೂ ಇದೆ!

“ಇನ್ನು ಮುಂದೆ ನಾನು ಯಾರ ಹಿಂದೆಯೂ ನಿಲ್ಲೋನಲ್ಲ!” ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ನೀರಿನ ಲೋಟ ಉರುಳಿ ಹೆಂಡತಿಯ ಮಡಿಲು ಸೇರಿತು.

“ಮೊದಲು ಒರೆಸೋ ಬಟ್ಟೆ ತಗೊಂಡು ಬನ್ನಿ, ಆಮೇಲೆ ಮುಂದೆ ನಿಲ್ಲೋರಂತೆ,” ಎಂದಳು.

ಈ ಘೋಷಣೆಗೆ ಕಾರಣವಿತ್ತು. ಹಗಲೆಲ್ಲ ನಾನು ಕನ್ನಡಕದ ಅಂಗಡಿಯಲ್ಲಿ ಬಂದವರ ಮುಂದೆ ಬೋರ್ಡು ಹಿಡಿದು “ಕೊನೇ ಸಾಲು ಓದಿ” ಎನ್ನುವ ಬಡಪಾಯಿ. ಸಂಜೆಯಾದರೆ ‘ಕಿಡಿಗೇಡಿಗಳು’ ಎಂಬ ರ‍್ಯಾಪ್ ತಂಡದ ಮೂರನೆಯವ! ತಂಡದಲ್ಲಿ ಒಬ್ಬ ಗುಡುಗು, ಇನ್ನೊಬ್ಬ ಸಿಡಿಲು. ಇಬ್ಬರೂ ಮುಂದೆ ನಿಂತು ಪಟಪಟನೆ ಪ್ರಾಸ ಸುರಿಸುತ್ತಿದ್ದರು. ನಾನು ಹಿಂದೆ ನಿಂತು ಸಾಲುಸಾಲಿಗೂ “ಹೌದು! ಹೌದು!” ಎನ್ನಬೇಕು. ನನ್ನ ಕಲಾಸೇವೆ ಅಷ್ಟಕ್ಕೇ ಮುಗಿಯುತ್ತಿತ್ತು. ತಂಡದಲ್ಲಿ ನನ್ನ ಹೆಸರು ಹೌದಪ್ಪ.

“ವರ್ಷಗಟ್ಟಲೆ ಹೌದು ಹೌದು ಅಂದು ನಾಲಿಗೆ ಸವೆದು ಹೋಗಿದೆ ಕಣೇ! ಇನ್ನು ನಂದೇ ಹಾಡು. ನಾನೊಬ್ನೇ ಹಾಡೋದು. ಜಗತ್ತು ನಡುಗಬೇಕು!”

“ನಡುಗಲಿ ಬಿಡಿ. ಆದ್ರೆ ಮನೇಲಿ ಆ ‘ಹೌದು ಹೌದು’ ಮಾತ್ರ ನಿಲ್ಲಿಸಬೇಡಿ. ಅದೊಂದು ನಿಮಗೆ ಚೆನ್ನಾಗಿ ಬರುತ್ತೆ.”

ಹಾಡು ಹುಟ್ಟಿತು. ಹೆಸರು ‘ನಿದ್ದೆ ಬಿಡ್ರೋ!’. ಮೊದಲನೇ ಚರಣದಲ್ಲಿ ಇಡೀ ಜಗತ್ತನ್ನು ಹೊದಿಕೆ ಕಿತ್ತೆಸೆದು ಎಬ್ಬಿಸುತ್ತೇನೆ. ಆದರೆ ಅದು ಬರೀ ಪೀಠಿಕೆ! ಹಾಡಿನ ಜೀವವಿದ್ದದ್ದು ಎರಡನೇ ಚರಣದಲ್ಲಿ. ಹಿಂದೆ ನಿಂತು ತಲೆಯಾಡಿಸಿದ ಹೌದಪ್ಪ ಮುಂದೆ ಬಂದು ಮೈಕು ಕಿತ್ತುಕೊಳ್ಳುವುದು ಅಲ್ಲಿ. ಅದನ್ನು ಬರೆಯುವಾಗ ನನ್ನ ಕಣ್ಣಲ್ಲಿ ನೀರೇ ಬಂದಿತ್ತು. ಮೊದಲನೆಯದನ್ನು ಯಾರು ಬೇಕಾದರೂ ಮರೆಯಲಿ, ಎರಡನೇ ಚರಣವನ್ನು ಜನ ಕೇಳಿದರೆ ಸಾಕು, ಈ ಜನ್ಮ ಸಾರ್ಥಕ ಎಂದುಕೊಂಡೆ.

ಹಾಡುವುದೆಲ್ಲಿ? ಇದ್ದೊಂದು ಸ್ಟುಡಿಯೋ ಗುಡುಗಿನ ಭಾವಮೈದುನನದು. ಹಾಗಾಗಿ ನಮ್ಮ ಮನೆಯ ಹಿಂದಿನ ಕೋಣೆಯೇ ಗತಿ. ಅಲ್ಲಿ ಒಂದು ಕಿಟಕಿ, ಬಟ್ಟೆಯ ಗುಡ್ಡ, ಮತ್ತು ಒಂದು ಕಾಲು ಗಿಡ್ಡವಾದ ನಮ್ಮ ವಾಷಿಂಗ್ ಮೆಷೀನು. ಅದು ತಿರುಗಿದರೆ “ಗರ್ರ್ ಗರ್ರ್ ಗುಡುಮ್” ಎಂದು ಸದ್ದು. ತಿಂಗಳುಗಟ್ಟಲೆ ಅಲ್ಲೇ ಅಭ್ಯಾಸ ಮಾಡಿದೆ. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕೂತಿರುತ್ತಿದ್ದಳು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ.

ರೆಕಾರ್ಡಿಂಗಿನ ದಿನ ಬೇಡಿಕೊಂಡೆ: “ಅರ್ಧ ಗಂಟೆ ಮೆಷೀನ್ ನಿಲ್ಸೇ, ಪ್ಲೀಸ್!”

“ನಿಲ್ಸಿದ್ರೆ ನಾಳೆ ಅಂಗಡಿಗೆ ಏನು ಹಾಕ್ಕೊಂಡು ಹೋಗ್ತೀರಿ? ಪ್ರಾಸ ಸುತ್ತಿಕೊಂಡು ಹೋಗ್ತೀರಾ?”

ಮೆಷೀನು ನಿಲ್ಲಲಿಲ್ಲ. ರೋಷದಲ್ಲಿ ಅದರ ಸದ್ದನ್ನೂ ಮೀರಿಸಿ ಹಾಡಿಯೇಬಿಟ್ಟೆ! ಆಹಾ, ಏನು ಕಂಠ, ಏನು ಕಿಚ್ಚು! ಮತ್ತೊಮ್ಮೆ ಹಾಡೋಣವೆಂದರೆ ಮರುದಿನ ಗಂಟಲು ಕಟ್ಟಿ ಕಪ್ಪೆಯ ಸ್ವರ. ಹೋಗಲಿ, ಹಿನ್ನೆಲೆಯ ಗುಡುಮ್ ಗುಡುಮ್ ರಣಭೇರಿಯಂತೆ ಇದೆ ಎಂದು ಸಮಾಧಾನ ಮಾಡಿಕೊಂಡು ಇಂಟರ್‌ನೆಟ್ಟಿಗೆ ಬಿಟ್ಟೆ.

ಬಿಟ್ಟಿದ್ದೇ ತಡ, ಹಾಡು ಕಾಲಿಗೆ ಚಕ್ರ ಕಟ್ಟಿಕೊಂಡಿತು! ಸಾವಿರ ದಾಟಿತು, ಲಕ್ಷ ದಾಟಿತು, ಆಮೇಲೆ ಸೊನ್ನೆಗಳನ್ನು ಎಣಿಸಲು ನನ್ನ ಅಂಗಡಿಯದೇ ಕನ್ನಡಕ ಬೇಕಾಯಿತು. ವಿಚಿತ್ರವೆಂದರೆ ಮಧ್ಯಾಹ್ನ ಊಟವಾದ ಮೇಲೆ ಕೇಳುವವರು ಹೆಚ್ಚು. “ನೋಡೇ, ಹೊಟ್ಟೆ ತುಂಬಿದ ಮೇಲೆ ಕ್ರಾಂತಿಗೆ ಕಾವು ಏರುತ್ತೆ!” ಎಂದು ವ್ಯಾಖ್ಯಾನಿಸಿದೆ. ಗುಡುಗು ಫೋನು ಮಾಡಿ “ಅಭಿನಂದನೆ ಕಣೋ” ಎಂದ. ಹೊಟ್ಟೆಯುರಿಯ ವಾಸನೆ ಫೋನಿನಲ್ಲೇ ಬಂತು! ನಾನು ಕಪ್ಪು ಕನ್ನಡಕ ಏರಿಸಿ, ಕಾಲರ್ ಎತ್ತಿ ಬೀದಿಯಲ್ಲಿ ನಡೆಯತೊಡಗಿದೆ. ಎರಡು ಸಲ ಕಂಬಕ್ಕೆ ಗುದ್ದಿಕೊಂಡೆ. ಕೀರ್ತಿ ಎಂದರೆ ಅಷ್ಟೂ ನೋವಿಲ್ಲದಿದ್ದರೆ ಹೇಗೆ?

ಅಷ್ಟರಲ್ಲಿ ಕೆಳಗಿನ ಮನೆಯ ಹೊಸ ಬಾಣಂತಿ ಹೆಗಲ ಮೇಲೆ ಕೂಸು ಹಾಕಿಕೊಂಡು ಬಂದಳು. ಕಣ್ಣು ತುಂಬಿಕೊಂಡಿತ್ತು.

“ಅಣ್ಣಾ, ನಿಮ್ಮ ಹಾಡು ನನ್ನ ಜೀವ ಉಳಿಸ್ತು!”

“ಎದ್ದು ನಿಲ್ಲೋ ಧೈರ್ಯ ಬಂತಾ ತಾಯಿ?”

“ಮಲಗೋ ಭಾಗ್ಯ ಬಂತು ಅಣ್ಣಾ! ಇವಳು ಹುಟ್ಟಿದಾಗಿಂದ ಜಪ್ಪಯ್ಯ ಅಂದ್ರೂ ನಿದ್ದೆ ಮಾಡ್ತಿರ್ಲಿಲ್ಲ. ನಿಮ್ಮ ಹಾಡು ಹಾಕಿದ್ದೇ ತಡ, ಗರ್ರ್ ಗರ್ರ್ ಗುಡುಮ್ ಅಂತ ಕೇಳ್ತಾ ಕೇಳ್ತಾ ಕಣ್ಣು ಮುಚ್ತಾಳೆ. ನಮ್ಮ ಅಕ್ಕ, ನಾದಿನಿ, ಡಾಕ್ಟ್ರಮ್ಮ, ಎಲ್ಲರಿಗೂ ಕಳಿಸಿದೀನಿ. ಊರಿನ ಕೂಸುಗಳೆಲ್ಲ ಈಗ ನಿಮ್ಮ ಹಾಡಿಗೇ ಮಲಗೋದು!”

ನನ್ನ ಕ್ರಾಂತಿ ತೊಟ್ಟಿಲಲ್ಲಿ ಮಲಗಿತ್ತು! ಆದರೂ ಕೊನೆಯ ಆಸೆಯಿಂದ ಕೇಳಿದೆ: “ಎರಡನೇ ಚರಣ ಹೇಗಿದೆ?”

“ಎರಡನೇ ಚರಣ ಬೇರೆ ಇದೆಯಾ ಅಣ್ಣಾ? ಅಷ್ಟೊತ್ತಿಗೆ ನಾನೂ ಗೊರಕೆ ಹೊಡೀತಿರ್ತೀನಿ.”

ಬಾಗಿಲ ಹಿಂದೆ ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. “ಆಯ್ತು, ಹಾಡು ಹಿಟ್ ಆಯ್ತು ಅಂತ ಸಭಾಂಗಣದಲ್ಲಿ ನನ್ನ ಕಾರ್ಯಕ್ರಮ ಇಟ್ಟಿದಾರಲ್ಲ, ಅಲ್ಲಿ ಜನರ ಎದುರೇ ನಿಂತು ಹಾಡ್ತೀನಿ. ಎರಡನೇ ಚರಣ ಕೇಳಿಸದೆ ಕೆಳಗಿಳಿಯೋನಲ್ಲ!”

“ಮೆಷೀನನ್ನೂ ಕರ್ಕೊಂಡು ಹೋಗ್ರೀ.”

“ಅದರ ಹಂಗು ನನಗೆ ಬೇಡ!”

ಸಭಾಂಗಣ ತುಂಬಿ ತುಳುಕುತ್ತಿತ್ತು. ಆದರೆ ಕುರ್ಚಿಗಿಂತ ತಳ್ಳುಗಾಡಿಗಳೇ ಜಾಸ್ತಿ! ಡ್ರಮ್ಮು, ಗಿಟಾರು ಇಟ್ಟುಕೊಂಡು “ನಿದ್ದೆ ಬಿಡ್ರೋ!” ಎಂದು ಅಬ್ಬರಿಸಿದೆ. ಬಿಟ್ಟವು! ನೂರಾರು ಕೂಸುಗಳು ಒಟ್ಟಿಗೆ ನಿದ್ದೆ ಬಿಟ್ಟವು! ಆ ಕಿರುಚಾಟಕ್ಕೆ ಮೈಕೇ ಕಿವಿ ಮುಚ್ಚಿಕೊಂಡಿರಬೇಕು. ಅಮ್ಮಂದಿರು ಎದ್ದು ನಿಂತು “ಮೆಷೀನ್ ಎಲ್ರೀ? ಮೆಷೀನ್ ತನ್ನಿ!” ಎಂದು ಕೂಗಿದರು. ಒಬ್ಬಾಕೆ ಹಾಲಿನ ಬಾಟಲಿಯನ್ನೇ ನನ್ನತ್ತ ಬೀಸಿದಳು. ಗುರಿ ಚೆನ್ನಾಗಿತ್ತು.

ಆಗ ಪಕ್ಕದ ಬಾಗಿಲಿನಿಂದ, ಇಬ್ಬರು ಹಮಾಲರ ಹೆಗಲೇರಿ, ಮೆರವಣಿಗೆಯಲ್ಲಿ ಬರುವ ಮಹಾರಾಜನಂತೆ ನಮ್ಮ ಮೆಷೀನು ಬಂತು! ಹಿಂದೆ ನನ್ನ ಹೆಂಡತಿ. ನನ್ನ ಘೋಷಣೆಗಳ ಬೆಲೆ ಗೊತ್ತಿದ್ದವಳು ಮೊದಲೇ ವ್ಯಾನಿನಲ್ಲಿ ಹಾಕಿಸಿಕೊಂಡು ಬಂದಿದ್ದಳು. ಪ್ಲಗ್ಗು ಚುಚ್ಚಿದಳು. ಗರ್ರ್ ಗರ್ರ್ ಗುಡುಮ್! ಮೊದಲನೇ ಚರಣ ಮುಗಿಯುವಷ್ಟರಲ್ಲಿ ಕೂಸುಗಳು ಮಲಗಿದವು, ಅಮ್ಮಂದಿರು ಮಲಗಿದರು, ನನ್ನ ಡ್ರಮ್ಮಿನವನೂ ಡ್ರಮ್ಮಿನ ಮೇಲೆ ತಲೆಯಿಟ್ಟ. ಎರಡನೇ ಚರಣಕ್ಕೆ ಉಸಿರು ತುಂಬಿಕೊಂಡೆ. ವ್ಯವಸ್ಥಾಪಕ ಓಡಿ ಬಂದು ಬಾಯಿಗೆ ಕೈ ಅಡ್ಡ ಇಟ್ಟ: “ಶ್! ಎಲ್ಲಾ ಮಲಗಿದಾರೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಮೆಲ್ಲಗೆ ಇಳೀರಿ ಸಾರ್!”

ಅಲ್ಲಿಂದಾಚೆ ಎಲ್ಲ ಕಡೆಯೂ ಇದೇ ಕಥೆ. ಪೋಸ್ಟರಿನಲ್ಲಿ ಮೆಷೀನಿನ ಚಿತ್ರ ದೊಡ್ಡದು, ನಂದು ಅದರ ಬಾಗಿಲಿನ ಗಾಜಿನೊಳಗೆ. ಎಷ್ಟು ಊರು ಸುತ್ತಿದರೂ ಎರಡನೇ ಚರಣ ನನ್ನ ಗಂಟಲು ದಾಟಲಿಲ್ಲ. ಹಾಗೇ ಇಪ್ಪತ್ತು ವರ್ಷ ಕಳೆಯಿತು. ಕೂದಲು ಹೋಯಿತು, ಮೆಷೀನು ಮಾತ್ರ ಗಟ್ಟಿಮುಟ್ಟಾಗಿದೆ.

ಮೊನ್ನೆ ನನಗೊಂದು ಸನ್ಮಾನ. ಕರೆದವಳು ಈ ಕಾಲದ ರ‍್ಯಾಪ್ ರಾಣಿ. ವೇದಿಕೆಯ ಮೇಲೆ ಅವಳ ಹೆಸರು ಚೂರಿ. ಯಾರೆಂದುಕೊಂಡಿರಿ? ಅದೇ ಕೆಳಗಿನ ಮನೆಯ ಕೂಸು! ಮೈಕು ಹಿಡಿದು ಹೇಳಿದಳು:

“ನನ್ನ ರಕ್ತದಲ್ಲಿ ರ‍್ಯಾಪ್ ಇಳಿಸಿದ್ದು ಈ ಅಂಕಲ್! ನಾನೊಬ್ಬಳೇ ಅಲ್ಲ, ನಮ್ಮ ವಯಸ್ಸಿನ ಎಲ್ಲರ ತಾಳಾನೂ ಗರ್ರ್ ಗರ್ರ್ ಗುಡುಮ್ಮೇ. ಆದ್ರೆ ನಾವು ಯಾರೂ ಎರಡನೇ ಚರಣ ಕೇಳಿಲ್ಲ. ಈಗ್ಲೂ ಹಾಡು ಹಾಕಿದ್ರೆ ಮೊದಲನೇದಕ್ಕೇ ಕಣ್ಣು ಎಳೆಯುತ್ತೆ! ಅದಕ್ಕೇ ಇವತ್ತು ಮೆಷೀನ್ ಬೇಡ, ಮೊದಲನೇ ಚರಣಾನೂ ಬೇಡ. ಅಂಕಲ್, ನೇರವಾಗಿ ಎರಡನೇದು!”

ಸಾವಿರಾರು ತರುಣ ತರುಣಿಯರು ಕಣ್ಣರಳಿಸಿ ಕೂತಿದ್ದರು. ಎಲ್ಲರೂ ಎಚ್ಚರ! ಬಂತು, ಕೊನೆಗೂ ಬಂತು ನನ್ನ ಗಳಿಗೆ! ಮೈಕು ತೆಗೆದುಕೊಂಡೆ. ಉಸಿರೆಳೆದೆ. ಬಾಯಿ ತೆರೆದೆ.

ಒಂದಕ್ಷರವೂ ನೆನಪಿಲ್ಲ!

ಇಪ್ಪತ್ತು ವರ್ಷ ಮೊದಲನೇ ಚರಣಕ್ಕೇ ಚಪ್ಪಲಿ ಕೈಯಲ್ಲಿ ಹಿಡಿದವನಿಗೆ ಎರಡನೆಯದು ಎಲ್ಲಿಂದ ಬರಬೇಕು? ಮನೆಯಲ್ಲಿ ಹಾಡಿಕೊಳ್ಳೋಣವೆಂದರೂ ನಡುವೆಯೇ ನನಗೇ ತೂಕಡಿಕೆ ಬರುತ್ತಿತ್ತು. ಅಳುವೇ ಬರುವ ಹಾಗಾಯಿತು. ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ದೀನನಾಗಿ ನೋಡಿದೆ. ಅವಳು ಕೈಚೀಲ ಪಕ್ಕದವರಿಗೆ ಕೊಟ್ಟು, ಮೆಟ್ಟಿಲು ಹತ್ತಿ ಬಂದು, ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

“ಹಿಂದೆ ನಿಂತು ತಲೆಯಾಡ್ಸಿದ ಕಾಲ ಇವತ್ತಿಗೆ ಮುಗೀತು!
ಮುಂದೆ ಬಂದು ಮೈಕು ಹಿಡಿಯೋ ಗಳಿಗೆ ಕೂಡಿ ಬಂತು!
ಯಾರ ನೆರಳೂ ಬೇಡ ನಂಗೆ, ಯಾರ ಹಂಗೂ ಇಲ್ಲ!
ಕೇಳಿಸ್ಕೊಳ್ರೋ, ಇನ್ನು ನಾನು ಯಾರ ಹಿಂದೂ ನಿಲ್ಲೋಲ್ಲ!”

ಒಂದು ಪ್ರಾಸ ತಪ್ಪಲಿಲ್ಲ, ಒಂದು ಉಸಿರು ಮುಗ್ಗರಿಸಲಿಲ್ಲ! ಬಟ್ಟೆ ಮಡಚುತ್ತಾ, ಕಣ್ಣೆತ್ತದೆ, ಆ ತಿಂಗಳುಗಟ್ಟಲೆ ಇವಳು ನನ್ನ ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡಿದ್ದಳು! ಇಡೀ ಜಗತ್ತಿನಲ್ಲಿ ಒಬ್ಬಳಾದರೂ ಕೇಳಿದ್ದಳು! ಸಭೆ ಎದ್ದು ನಿಂತು ಕುಣಿಯುತ್ತಿತ್ತು. ಅವಳು ಅದೇ ಚರಣವನ್ನು ಮತ್ತೆ ಶುರು ಮಾಡಿದಳು. ನನಗೇ ಗೊತ್ತಿಲ್ಲದೆ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಅವಳು “ಯಾರ ಹಿಂದೂ ನಿಲ್ಲೋಲ್ಲ!” ಎಂದು ಗುಡುಗಿದಾಗ ಅವಳ ಬೆನ್ನ ಹಿಂದಿನಿಂದ, ಹೊಟ್ಟೆಯಾಳದಿಂದ, ಹಳೆಯ ಉತ್ಸಾಹದಿಂದ ನನ್ನ ಬಾಯಿಯಿಂದ ಹೊರಟೇಬಿಟ್ಟಿತು:

“ಹೌದು! ಹೌದು!”

ಮುಗಿದ ಮೇಲೆ ಚೂರಿ ಓಡಿ ಬಂದು ಅವಳನ್ನು ತಬ್ಬಿಕೊಂಡಳು. “ಆಂಟಿ, ನಿಮ್ಮ ಮೊದಲನೇ ಹಾಡನ್ನ ನಾನೇ ಹೊರಗೆ ತರ್ತೀನಿ!” ಆಮೇಲೆ ನನ್ನತ್ತ ತಿರುಗಿ ಬಾಯ್ತುಂಬ ನಕ್ಕಳು.

“ಅಂಕಲ್, ಹಿಂದಿನಿಂದ ಏನು ಸಖತ್ತಾಗಿ ಹೌದು ಅಂತೀರಿ! ನಿಮ್ಮ ದನಿಗೆ ನಂಗೆ ನಿದ್ದೆ ಬರದೇ ಇದ್ದಿದ್ದು ಇದೇ ಮೊದಲು!”