ತಲೆಗೆ ಶಾಲು ಸುತ್ತಿದ ಮುತ್ತಾತ

ಕಾಲೇಜು ಲೈಬ್ರರಿಯ ಗುಮಾಸ್ತ ಬಿಂದುಮಾಧವರಾಯರು ಆ ಚಿತ್ರವನ್ನು ಗೋಡೆಗೆ ಹಾಕಬಾರದಿತ್ತು. ಗೆದ್ದಲು ತಿಂದ ಫ್ರೆಂಚ್ ಪುಸ್ತಕವೊಂದನ್ನು ರದ್ದಿಗೆ ಹಾಕುವಾಗ ಅದರ ಮೊದಲ ಹಾಳೆ ಮಾತ್ರ ನೆಟ್ಟಗೆ ಉಳಿದಿತ್ತು. ಅದರಲ್ಲಿ ಕಳೆದ ಶತಮಾನದ ಯಾರೋ ಫ್ರೆಂಚ್ ಲೇಖಕನ ಮುಖ. ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೀರು ಕೊರೆದು ಅಚ್ಚೊತ್ತಿದ್ದು. ಎದೆಯವರೆಗೆ ಗಡ್ಡ, ಚಳಿಗೋ ಏನೋ ತಲೆಗೆ ಸುತ್ತಿದ ಶಾಲು. ಹೆಸರಿದ್ದ ಅಂಚು ಗೆದ್ದಲ ಪಾಲಾಗಿತ್ತು. ರಾಯರು ಆ ಗೆರೆಗಳಿಗೆ ಮನಸೋತು, ಕಟ್ಟು ಹಾಕಿಸಿ, ಕೃಷ್ಣಮೂರ್ತಿಪುರಂ ಮನೆಯ ನಡುಮನೆಯಲ್ಲಿ ತೂಗುಹಾಕಿದರು.

ಮಗಳು ಶಾರದಳನ್ನು ನೋಡಲು ಲಷ್ಕರ್ ಮೊಹಲ್ಲಾದಿಂದ ಗಂಡಿನವರು ಬರುವ ದಿನ. ಪಕ್ಕದ ಮನೆ ಮಂಗಳಮ್ಮ ಉಪ್ಪಿಟ್ಟಿಗೆ ಕೈಜೋಡಿಸುವ ನೆಪದಲ್ಲಿ ಬೆಳಿಗ್ಗೆಯೇ ಬಂದು ಇಡೀ ಮನೆಯ ಯಜಮಾನಿಕೆ ವಹಿಸಿಕೊಂಡರು. ರಾಯರ ಹೆಂಡತಿ ನಾಗಮಣಿ ತಡೆಯುವಷ್ಟರಲ್ಲಿ ಚಿತ್ರಕ್ಕೆ ಗಂಧ ಹಚ್ಚಿ ಮಲ್ಲಿಗೆ ಹಾರವನ್ನೂ ಹಾಕಿಯಾಗಿತ್ತು.

ಗಂಡಿನ ತಂದೆ ಗೋವಿಂದರಾಜು ಮಗನೊಂದಿಗೆ ಬಂದು ಕೂತವರೇ, ಚಿತ್ರ ತೋರಿಸಿ ಇವರು ಯಾರು ಅಂತ ಕೇಳಿದರು. ರಾಯರು ಬಾಯಿ ತೆರೆಯಬೇಕಾಗಿತ್ತು. ಮಂಗಳಮ್ಮನದು ಆಗಲೇ ತೆರೆದಿತ್ತು.

"ರಾಯರ ಮುತ್ತಾತ ಕಣ್ರೀ. ಅರಮನೇಲಿ ದೊಡ್ಡ ವಿದ್ವಾಂಸರು."

ಗೋವಿಂದರಾಜು ಎದ್ದು ಚಿತ್ರ ಇಳಿಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಗುಟ್ಟು ರಟ್ಟಾಯಿತೆಂದು ರಾಯರು ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಿಕೊಂಡರು. ಗೋವಿಂದರಾಜು ಮಾತ್ರ ಕಣ್ಣೊರೆಸಿಕೊಂಡರು.

"ಇವರು ನಮ್ಮಪ್ಪನ ತಾತ. ಇದೇ ಪಟ ನಮ್ಮನೇಲೂ ಇದೆ. ತಿಥಿ ದಿನ ಹಾರ ಹಾಕ್ತೀವಿ."

ಒಂದು ಗಳಿಗೆ ಎಲ್ಲರಿಗೂ ಸಂತೋಷವಾಯಿತು. ಆಮೇಲೆ ಗೋವಿಂದರಾಜು ಬೆರಳು ಮಡಿಚತೊಡಗಿದರು. ಎರಡು ಮನೆಗೂ ಒಬ್ಬನೇ ಹಿರಿಯನಾದರೆ ಗೋತ್ರವೂ ಒಂದೇ, ಹುಡುಗ ಹುಡುಗಿ ಅಣ್ಣ ತಂಗಿ. ಮತ್ತೆ ಜಾತಕದಲ್ಲಿ ಬೇರೆ ಗೋತ್ರ ಬರೆದು ಕಳಿಸಿದ್ದು ಯಾಕೆ ಅಂತ ಕೇಳಿದರು. ಮಂಗಳಮ್ಮನಿಗೆ ತಟ್ಟನೆ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ನೆನಪಾಗಿ ಹಿತ್ತಲ ಬಾಗಿಲಿಂದ ಮಾಯವಾದರು.

ರಾಯರಿಗೆ ನಿಜ ಹೇಳದೆ ದಾರಿ ಇರಲಿಲ್ಲ. ಇವನು ತಮಗೆ ಏನೂ ಆಗಬೇಕಾದವನಲ್ಲ, ಯಾವನೋ ಫ್ರೆಂಚ್ ಲೇಖಕ, ಒಂದೇ ತಗಡಿನಿಂದ ಇಂಥ ನೂರಾರು ಪ್ರತಿ ಅಚ್ಚಾಗಿ ಊರೂರು ತಲುಪಿವೆ ಎಂದು ಕೈಮುಗಿದು ವಿವರಿಸಿದರು. ಗೋತ್ರದ ತೊಡಕು ಬಿಡಿಸಿದ ನೆಮ್ಮದಿಯಲ್ಲಿ ನಕ್ಕರು ಕೂಡ.

ಗೋವಿಂದರಾಜು ನಗಲಿಲ್ಲ. "ದಾಯಾದಿಗಳು ಅಂತಾಗಿದ್ರೆ ಕಾಫಿಯಾದ್ರೂ ಕುಡಿದು ಹೋಗ್ತಿದ್ದೆ. ನಮ್ಮಪ್ಪನ ತಾತನ್ನೇ ಫ್ರೆಂಚಿನವನು ಅಂದ್ಬುಟ್ರಲ್ಲ, ರಾಯರೇ."

ಮಗನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಮೆಟ್ಟಿಲಿಳಿಯುವಾಗ ಚಿತ್ರ ಅವರ ಕಂಕುಳಲ್ಲೇ ಇತ್ತು. ರಾಯರು ಹಿಂದೆ ಓಡಿ ನೆನಪಿಸಿದರೆ, ತಮ್ಮ ಹಿರಿಯರನ್ನು ಇಂಥ ಮನೆಯಲ್ಲಿ ಬಿಟ್ಟು ಹೋಗಲಾರೆ ಎಂದು ಹೇಳಿ, ಹಾರದ ಸಮೇತ ಜಟಕಾ ಹತ್ತಿದರು.