ಸೀಮೆಸುಣ್ಣದ ಪಾಲು

ಬೆಳಗ್ಗೆ ಕಾಫಿಗೂ ಮುಂಚೆ ಸರ್ವಮಂಗಳಮ್ಮ ಏಕಾಂತಯ್ಯನ ಬೆರಳು ಚುಚ್ಚಿದ್ದೇ ಈ ಎಲ್ಲ ಅನಾಹುತಕ್ಕೆ ಮೂಲ. ಗುಬ್ಬಿಯ ಆ ಬೀದಿಯಲ್ಲಿ ಶುಗರ್ ನೋಡುವ ಮಿಷಿನ್ ಇದ್ದದ್ದು ಆಕೆಯ ಮನೆಯಲ್ಲಿ ಮಾತ್ರ. ಅದು ಬಂದ ಮೇಲೆ ಆಕೆ ರಂಗೋಲಿ ಮುಗಿಸಿದ ಕೂಡಲೇ ಜಗಲಿಯ ಮೇಲೆ ಕೂತು, ಹೋಗಿಬರುವವರ ಬೆರಳಿಗಾಗಿ ಕಾಯುತ್ತಿದ್ದಳು. ಯಾವ ಕಾಯಿಲೆಯೂ ಇಲ್ಲದವರು ಆ ಮನೆಯ ಮುಂದೆ ಕೈ ಜೇಬಿನಲ್ಲಿಟ್ಟುಕೊಂಡು ದಾಟುತ್ತಿದ್ದರು.

"ಇನ್ನೂರಾ ಅರವತ್ತು," ಎಂದಳು ಸರ್ವಮಂಗಳಮ್ಮ, ಇಡೀ ಬೀದಿಗೆ ಕೇಳಿಸುವ ಹಾಗೆ. "ಅಯ್ಯೋ ಶಿವನೇ! ರೇಣುಕಾಪ್ರಸಾದಂದು ಈಗ ತಾನೆ ನೋಡ್ದೆ, ನೂರಾ ಇಪ್ಪತ್ತು. ಇಬ್ರೂ ಒಂದೇ ಮಾತ್ರೆ ತಾನೆ ನುಂಗ್ತಿರೋದು?"

ಏಕಾಂತಯ್ಯ ತನ್ನ ಬಲಗಾಲಿನ ಹೆಬ್ಬೆರಳನ್ನು ನೋಡಿಕೊಂಡ. ಬಟ್ಟೆ ಸುತ್ತಿದ ಆ ಬೆರಳಿನ ಗಾಯ ಯುಗಾದಿಗೆ ಮುಂಚಿನದು. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆರಳು ತೆಗೆಯುವುದೆಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಣ್ಣನಿಗೆ ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಟಿ.ವಿ. ಕೊಂಡವರು ಕಂತು ಕಟ್ಟುವಂತೆ ಅಣ್ಣ ಕಂತುಕಂತಾಗಿ ಹೋಗಿದ್ದ. ಅಡಿಕೆ ಮಂಡಿಯಲ್ಲಿ ದಿನವಿಡೀ ನಿಂತು ಮೂಟೆ ತೂಗಿಸುವ ಏಕಾಂತಯ್ಯನಿಗೆ ಕಾಲು ಹೋದರೆ ಅನ್ನವೂ ಹೋದಂತೆ.

ಅದಕ್ಕೇ ಅವನೂ ಎದುರುಮನೆಯ ರೇಣುಕಾಪ್ರಸಾದನೂ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಮಾತ್ರೆಯ ಸಂಶೋಧನೆಗೆ ಸೇರಿದ್ದು. ರೇಣುಕಾಪ್ರಸಾದ ಹೈಸ್ಕೂಲಿನ ಗುಮಾಸ್ತ; ಅವನ ಹಿಮ್ಮಡಿಯಲ್ಲೂ ಅಂಥದೇ ಗಾಯ. ಸಂಶೋಧನೆ ನೋಡಿಕೊಳ್ಳುವ ಡಾಕ್ಟರ್ ದೀಪಿಕಾ ಮೊದಲ ದಿನವೇ ಬಿಡಿಸಿ ಹೇಳಿದ್ದರು: "ಅರ್ಧ ಜನಕ್ಕೆ ಔಷಧಿ ಇರೋ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಥರ ಕಾಣೋ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ. ಆದ್ರೆ ಒಬ್ಬರ ಮಾತ್ರೆ ಇನ್ನೊಬ್ಬರು ಮುಟ್ಟಲೇಬಾರ್ದು." ಏಕಾಂತಯ್ಯ ತಲೆಯಾಡಿಸಿದ್ದ. ಆದರೆ ಅವನು ತಲೆಯಾಡಿಸಿದ್ದು ಆ ಮಾತಿಗಲ್ಲ, ಬಿಳಿ ಕೋಟಿಗೆ.

ಈಗ ಸರ್ವಮಂಗಳಮ್ಮನ ಜಗಲಿಯಿಂದ ಮನೆಗೆ ಬಂದವನೇ ಹೆಂಡತಿ ಗಂಗಾಂಬಿಕೆಯ ಮುಂದೆ ತನ್ನ ಮಾತ್ರೆಯ ಡಬ್ಬಿ ಕುಕ್ಕಿದ.

"ನಂಗೆ ಸೀಮೆಸುಣ್ಣ ತಿನ್ನಿಸ್ತಾವ್ರೆ ಕಣೇ! ನಿಜವಾದ್ದೆಲ್ಲ ಆ ಪ್ರಸಾದನ ಹೊಟ್ಟೆಗೆ!"

"ಅವ್ರು ದಿನಾ ಬೆಳಗ್ಗೆ ನಡೀತಾರೆ ಕಣ್ರೀ. ನೀವು ಮಂಡೀಲಿ ಬೋಂಡಾ ತಿಂತೀರ."

"ಬೋಂಡಾಕ್ಕೂ ಬೆರಳಿಗೂ ಏನೇ ಸಂಬಂಧ?" ಎಂದು ಗದರಿಸಿ, ಏಕಾಂತಯ್ಯ ಡಬ್ಬಿ ಹಿಡಿದುಕೊಂಡು ಎದುರುಮನೆಗೆ ಕುಂಟಿದ.

ರೇಣುಕಾಪ್ರಸಾದ ತಿಂಡಿ ಮುಗಿಸಿ ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. "ಒಂದೇ ಒಂದು ಕೊಡೋ," ಎಂದು ಏಕಾಂತಯ್ಯ ಕೈ ಹಾಕಿದ. ಅವನು ಡಬ್ಬಿಯನ್ನು ಎದೆಗವಚಿಕೊಂಡ. ಇವನು ಎಳೆದ. ಐವತ್ತು ದಾಟಿದ ಇಬ್ಬರು, ಪೆಪ್ಪರಮೆಂಟಿಗೆ ಜಗಳವಾಡುವ ಮಕ್ಕಳ ಹಾಗೆ, ನಡುಮನೆಯಲ್ಲಿ ಗಿರಗಿರನೆ ತಿರುಗಿದರು. ಗಲಾಟೆಗೆ ಸರ್ವಮಂಗಳಮ್ಮ ಬಂದಳು. ಅವಳ ಹಿಂದೆಯೇ ಚನ್ನವೀರಯ್ಯ ಬಂದರು.

ಚನ್ನವೀರಯ್ಯನವರು ಬಂದರೆಂದರೆ ಮುಗಿಯಿತು. ಸುತ್ತಮುತ್ತ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲು ಮಾಡಿಸುವುದು ಅವರೇ. ತೆಂಗಿನ ಮರವಿರಲಿ, ಹಿತ್ತಾಳೆ ಹಂಡೆಯಿರಲಿ, ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಅವರು ಮಾಡಿಸಿದ ಪಾಲು ಕೋರ್ಟಿಗೆ ಹೋದದ್ದಿಲ್ಲ. ಇಬ್ಬರ ಮಾತನ್ನೂ ಕಣ್ಣುಮುಚ್ಚಿ ಕೇಳಿ ಅವರು ಹೇಳಿದರು:

"ಮೊರ ತರ್ರವ್ವ. ಎರಡು ಡಬ್ಬೀನೂ ಸುರೀರಿ. ಕಲೆಸಿ ಸಮಪಾಲು ಮಾಡಿ."

ರೇಣುಕಾಪ್ರಸಾದ ಹೌಹಾರಿದ. "ಹಂಗೆಲ್ಲ ಮಾಡ್ಬಾರ್ದು ಅಂತ ಡಾಕ್ಟ್ರು ಹೇಳವ್ರೆ ಯಜಮಾನ್ರೆ!"

"ಡಾಕ್ಟ್ರು ಈ ಬೀದೀಲಿ ಬಾಳ್ವೆ ಮಾಡ್ತಾರೇನ್ಲಾ? ನಾಳೆ ಇವ್ನ ಕಾಲು ಕಡುದ್ರೆ, ಇವ್ನ ಎದುರಿಗೆ ನೀನು ಎರಡೂ ಕಾಲಲ್ಲಿ ಓಡಾಡ್ತೀಯಾ?"

ಆ ಮಾತಿಗೆ ರೇಣುಕಾಪ್ರಸಾದನ ಹಿಡಿ ಸಡಿಲವಾಯಿತು. ಏಕಾಂತಯ್ಯನ ಅಣ್ಣನ ಹೆಣಕ್ಕೆ ಹೆಗಲು ಕೊಟ್ಟವನು ಅವನು. ಅದು ಎಷ್ಟು ಹಗುರವಾಗಿತ್ತೆಂದು ಅವನಿಗೆ ಇನ್ನೂ ನೆನಪಿತ್ತು.

ಮಾತ್ರೆಗಳು ಮೊರಕ್ಕೆ ಬಿದ್ದವು. ಸರ್ವಮಂಗಳಮ್ಮ ರಾಗಿ ಕೇರುವಷ್ಟೇ ಶ್ರದ್ಧೆಯಿಂದ ಅವನ್ನು ಕಲೆಸಿದಳು. ಎರಡು ತಿಂಗಳು ದೊಡ್ಡವನಾದ ಏಕಾಂತಯ್ಯ ಎರಡು ಗುಡ್ಡೆ ಹಾಕಿದ, ರೇಣುಕಾಪ್ರಸಾದ ನಿಟ್ಟುಸಿರುಬಿಟ್ಟು ಎಡಗಡೆಯದನ್ನು ಆರಿಸಿಕೊಂಡ. ಇನ್ನೇನು ಎಲೆ ಅಡಿಕೆ ಹಂಚುವುದೊಂದು ಬಾಕಿ.

ಮನೆಗೆ ಹೋಗುತ್ತಿದ್ದಂತೆ ಏಕಾಂತಯ್ಯನಿಗೆ ಇನ್ನೊಂದು ಚಿಂತೆ ಹತ್ತಿತು. ಈಗ ಡಬ್ಬಿಯಲ್ಲಿರುವುದರಲ್ಲಿ ಯಾವುದು ನಿಜ, ಯಾವುದು ಸುಣ್ಣ? ಒಂದೊಂದೇ ನುಂಗಿದರೆ ಮತ್ತೆ ಸುಣ್ಣವೇ ಬಂದರೆ? ಅವನು ಮೂರನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ.

"ಮೂರ್ರಲ್ಲಿ ಒಂದಾದ್ರೂ ನಿಜವಾದ್ದು ಇರ್ಲೇಬೇಕು," ಎಂದ ಹೆಂಡತಿಗೆ. ಸ್ವಲ್ಪ ಹೊತ್ತಿಗೆ ತಲೆ ಸುತ್ತಿ, ಮೈ ಬೆವರಿ, ಗೋಡೆ ಹಿಡಿದು ಕೂತ. ಗಂಗಾಂಬಿಕೆ ಅಳುತ್ತಾ ಸಕ್ಕರೆ ನೀರು ಕುಡಿಸಿದಳು; ಅವಳ ಅಳು ಕೇಳಿ ಚನ್ನವೀರಯ್ಯನವರೂ ಬಂದು ವಿಷಯ ತಿಳಿದುಕೊಂಡರು. ಅವನು ಮಾತ್ರ ನಗುತ್ತಿದ್ದ. "ನೋಡ್ದಾ! ಕೆಲ್ಸ ಮಾಡ್ತಾ ಐತೆ!"

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಇಬ್ಬರೂ ಮಾತ್ರೆಯ ಡಬ್ಬಿ ತೆಗೆದುಕೊಂಡು ಈವತ್ತೇ ಬರಬೇಕಂತೆ.

ಇಬ್ಬರೇ ಹೋಗುವುದೆಂದರೆ ಬೀದಿಗೆ ಅವಮಾನ. ಚನ್ನವೀರಯ್ಯನವರು ಇಸ್ತ್ರಿಯ ಅಂಗಿ ತೊಟ್ಟು ಜೊತೆಗೆ ಹೊರಟರು. ರೈಲು ಗುಬ್ಬಿ ಬಿಡುತ್ತಿದ್ದಂತೆ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯತೊಡಗಿದರು. ಆಗ ರೇಣುಕಾಪ್ರಸಾದ ಪಿಸುಗುಟ್ಟಿದ: "ಏಕಾಂತಣ್ಣ, ಪಾಲು ಮಾಡಿದ್ದು ಬಾಯಿ ಬಿಡ್ಬೇಡ. ನಾನೂ ಬಿಡಲ್ಲ. ನಿನ್ ಕಾಲು ಮುಗೀತೀನಿ."

"ಬ್ಯಾಂಡೇಜ್ ಇರೋದನ್ನ ಮುಟ್ಬೇಡ, ನೋಯ್ತದೆ," ಎಂದ ಏಕಾಂತಯ್ಯ. ಬಹಳ ದಿನದ ಮೇಲೆ ಇಬ್ಬರೂ ನಕ್ಕರು.

ಆಸ್ಪತ್ರೆಯಲ್ಲಿ ಡಾಕ್ಟರ್ ದೀಪಿಕಾ ಇಬ್ಬರನ್ನೂ ಒಳಗೆ ಕೂರಿಸಿದರು. ಚನ್ನವೀರಯ್ಯನವರು ಹೊರಗೆ ಬೆಂಚಿನ ಮೇಲೆ ಕೂತರು. ಡಾಕ್ಟರ ಮುಖ ಅರಳಿತ್ತು.

"ಒಳ್ಳೇ ಸುದ್ದಿ. ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ, ಗಾಯಗಳೂ ಒಣಗ್ತಿವೆ. ಹಾಗಾಗಿ ಖಾಲಿ ಮಾತ್ರೆ ತಗೊಳ್ತಿದ್ದವ್ರಿಗೂ ಇವತ್ತಿಂದ ನಿಜವಾದ್ದೇ ಕೊಡಬೇಕು ಅಂತ ತೀರ್ಮಾನ ಆಗಿದೆ. ಏಕಾಂತಯ್ಯನವ್ರೇ, ನಿಮ್ಮದು ಖಾಲಿ ಮಾತ್ರೆ. ಇನ್ಮೇಲೆ ನಿಮಗೂ ಔಷಧಿ. ಪ್ರಸಾದ್ ಅವ್ರು ಅದನ್ನೇ ಮುಂದುವರಿಸ್ತಾರೆ."

ಮೇಜಿನ ಮೇಲೆ ಎರಡು ಹೊಸ ಡಬ್ಬಿಗಳಿದ್ದವು. ಏಕಾಂತಯ್ಯನಿಗೆ ಸತ್ತ ಅಣ್ಣ ನೆನಪಾದ. ತನ್ನ ಕಾಲು ತನಗೇ ಉಳಿಯಿತು ಎಂದು ಅವನಿಗೆ ಆ ಕ್ಷಣ ನಿಜಕ್ಕೂ ಅನ್ನಿಸಿತು. ಕೈ ಚಾಚಿ ಡಬ್ಬಿಯನ್ನು ಮುಟ್ಟಿಯೂ ಮುಟ್ಟಿದ.

ಬಾಗಿಲು ತೆರೆಯಿತು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಚನ್ನವೀರಯ್ಯನವರು ಹೆಮ್ಮೆಯಿಂದ ಮೀಸೆ ಸವರಿಕೊಳ್ಳುತ್ತಾ ನಿಂತಿದ್ದರು.

"ಅದ್ಯಾಕೆ ತಾಯಿ ನೀವು ಇಷ್ಟು ತ್ರಾಸ ತಗಂಡ್ರಿ? ಬೆಳಗ್ಗೇನೇ ನಾನು ಸರಿ ಮಾಡ್ಬುಟ್ಟಿವ್ನಿ. ಎರಡೂ ಡಬ್ಬಿ ಮೊರಕ್ಕೆ ಸುರಿದು, ಕಲೆಸಿ, ಸಮಪಾಲು. ಇವ್ನು ಮನೆಗೆ ಹೋದೇಟ್ಗೆ ಮೂರು ನುಂಗವ್ನೆ, ಎಂಥ ಗುಣ ಬಂತು ಅಂತ ಕೇಳಿ!"

ಡಾಕ್ಟರ್ ದೀಪಿಕಾ ಎರಡೂ ಹೊಸ ಡಬ್ಬಿಗಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಡ್ರಾಯರಿನಲ್ಲಿಟ್ಟರು. ಮಾತ್ರೆ ಬೆರೆಸಿದವರನ್ನು ಸಂಶೋಧನೆಯಲ್ಲಿ ಉಳಿಸಿಕೊಳ್ಳುವ ಹಾಗಿಲ್ಲವಂತೆ, ಅದು ಡಾಕ್ಟರ ಕೈಯಲ್ಲೂ ಇಲ್ಲವಂತೆ. ಆ ಮಾತ್ರೆ ಅಂಗಡಿಗೆ ಬರಲು ಇನ್ನೂ ವರ್ಷಗಳೇ ಬೇಕಂತೆ.

"ಅಲ್ಲೀವರೆಗೆ ನನ್ ಬೆರಳು?" ಎಂದ ಏಕಾಂತಯ್ಯ.

ಡಾಕ್ಟರು ಎದ್ದು ಬಂದು, ಬಟ್ಟೆ ಬಿಚ್ಚಿ, ಬೆರಳು ನೋಡಿದರು. ತಲೆಯೆತ್ತದೆ ಹೇಳಿದರು: "ಈ ರಾತ್ರಿ ಇಲ್ಲೇ ಇರಿ, ಮೂರು ಮಾತ್ರೆ ನುಂಗಿದೀರ. ಸೋಮವಾರ ಕೆಳಗಡೆ ಸರ್ಜನ್ ಹತ್ರ ಹೋಗಿ, ಚೀಟಿ ಬರೆದುಕೊಡ್ತೀನಿ. ಇನ್ನು ತಡ ಮಾಡೋದು ಬೇಡ."

ರೇಣುಕಾಪ್ರಸಾದ ಎದ್ದು ಹೊರಗೆ ಹೋದ. ಕುಂಟುತ್ತಾ ಹೋದ. ಬೆಳಗ್ಗೆ ಅವನು ಕುಂಟುತ್ತಿರಲಿಲ್ಲ ಎಂದು ಏಕಾಂತಯ್ಯನಿಗೆ ಅನ್ನಿಸಿತು.

ವಾರ್ಡಿನ ಮಂಚದ ಪಕ್ಕ ಕೂತು ಚನ್ನವೀರಯ್ಯನವರು ಕಿತ್ತಳೆ ಸುಲಿಯುತ್ತಾ ಸಮಾಧಾನ ಹೇಳಿದರು.

"ಬೇಜಾರು ಮಾಡ್ಕಬ್ಯಾಡ ಕಣ್ಲಾ. ಅವ್ನಿಗೂ ಇಲ್ಲ, ನಿಂಗೂ ಇಲ್ಲ. ಯಾರ್ಗೂ ಮೋಸ ಆಗಿಲ್ಲ. ಸೋಮವಾರ ಬೆರಳು ತೆಗೆಯೋವಾಗ್ಲೂ ನಾನೇ ಬಂದು ನಿಂತ್ಕತೀನಿ, ಬುಡು."

ಏಕಾಂತಯ್ಯ ಬಲಗಾಲನ್ನು ನಿಧಾನವಾಗಿ ಕಂಬಳಿಯೊಳಗೆ ಎಳೆದುಕೊಂಡ. ಅವರ ಕಣ್ಣಿಗೆ ಬಿದ್ದರೆ ಎರಡು ಕಾಲಿಗೂ ಸಮಪಾಲು ಅಂದಾರು ಎಂದು ಅವನಿಗೆ ಭಯವಾಯಿತು.