ಸೆನ್ಸೇ ಮೆಚ್ಚಿದ ವಾಚ್

ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಕ್ಯೋಟೋದ ಒಂದು ಸೆಮಿನಾರ್ ಕೋಣೆಯಲ್ಲಿ ಪ್ರೊಫೆಸರ್ ನಿಶಿವಾಕಿಯವರು ರಘುನಂದನನ ವಾಚನ್ನು ಹೊಗಳಿದರು. ಗುರುರಾಜನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗಲೇ.

ಬೀಳದೆ ಇನ್ನೇನು? ಇಬ್ಬರೂ ಒಬ್ಬರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದರು, ವಿಷಯವೂ ಒಂದೇ: ಪ್ರಾಚೀನ ಗ್ರೀಕ್ ಇತಿಹಾಸಕಾರರ ಬರವಣಿಗೆಯಲ್ಲಿ ಹಾಸ್ಯ. ಇಬ್ಬರ ಅವಧಿಯೂ ಮಾರ್ಚಿಗೆ ಮುಗಿಯುತ್ತಿತ್ತು, ಮುಂದಕ್ಕೆ ಇದ್ದದ್ದು ಮಾತ್ರ ಒಂದೇ ಹುದ್ದೆ. ಬೆಳಿಗ್ಗೆ ರಘುನಂದನನ ಭಾಷಣ, ಮೂರು ಗಂಟೆಗೆ ಗುರುರಾಜನದು, ಸಂಜೆ ಸೆನ್ಸೇ ತೀರ್ಮಾನ. ಅಲ್ಲಿ ಪ್ರೊಫೆಸರನ್ನು ಎಲ್ಲರೂ ಸೆನ್ಸೇ ಎಂದೇ ಕರೆಯುತ್ತಾರೆ, ಉಳಿದವರ ಹೆಸರಿಗೆ ಮರ್ಯಾದೆಗೆ ಸಾನ್ ಸೇರಿಸುತ್ತಾರೆ. ಕೆಲಸ ಸಿಗದಿದ್ದರೆ ಎರಡನೇ ಕ್ಲಾಸಿನ ಮಗಳು ಲಾಸ್ಯಾಳನ್ನು ಸ್ಕೂಲು ಬಿಡಿಸಿಕೊಂಡು ಹೊರಡಬೇಕಲ್ಲ ಎಂದು ಗುರುರಾಜನ ಹೆಂಡತಿ ಕುಮುದಾ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ರಘುನಂದನನಿಗೆ ಕೊಟ್ಟದ್ದು ನಲವತ್ತು ನಿಮಿಷ. ಒಂದೂಕಾಲು ಗಂಟೆಯಾದರೂ ಅವನು ಕೂರಲಿಲ್ಲ. ಇತಿಹಾಸಕಾರ ಒಂದು ಸಾಲಿನಲ್ಲಿ ಮುಗಿಸಿದ ತಮಾಷೆಗೆಲ್ಲ ಇವನು ರಾಜನಾದ, ರಾಣಿಯಾದ, ಕೊನೆಗೆ ಕುದುರೆಯೂ ಆದ. ಕುದುರೆ ಕೆನೆಯುತ್ತಿರುವಾಗಲೇ ಸೆನ್ಸೇ ಮುಗುಳ್ನಕ್ಕು, “ರಘುನಂದನ್-ಸಾನ್, ಎಂಥ ಒಳ್ಳೆಯ ವಾಚ್ ಕಟ್ಟಿದ್ದೀರಿ” ಅಂದರು. ಅವನು ಹಿಗ್ಗಿಹೋಗಿ, ಅದು ಮಾವನವರು ಮದುವೆಯಲ್ಲಿ ಕೊಟ್ಟದ್ದೆಂದು ಇನ್ನೂ ಐದು ನಿಮಿಷ ವಿವರಿಸಿದ.

ಎರಡು ವರ್ಷದಲ್ಲಿ ಸೆನ್ಸೇ ಗುರುರಾಜನಿಗೆ ಹೇಳಿದ್ದು ಒಂದೇ ಮಾತು, “ಸೋ ದೆಸ್ ಕಾ.” ಹೌದಾ ಅಂತ, ಅಷ್ಟೇ. ವಾಚು ಹಾಳಾಗಲಿ, ಅವನ ಒಂದು ಅಡಿಟಿಪ್ಪಣಿಯನ್ನಾದರೂ ಹೊಗಳಿದ್ದುಂಟೆ?

ಕ್ಯಾಂಟೀನಿನಲ್ಲಿ ಅನ್ನದ ಬಟ್ಟಲು ಮುಂದಿಟ್ಟುಕೊಂಡು ಉರಿಯುತ್ತ ಕೂತವನ ಎದುರಿಗೆ ಶರ್ವಾಣಿ ಬಂದು ಕೂತಳು. ಅದೇ ವಿಭಾಗದಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದ ಮೈಸೂರಿನ ಹುಡುಗಿ. ಕ್ಯೋಟೋಗೆ ಬಂದು ಐದು ವರ್ಷವಾಗಿತ್ತು. ಕೇಳದಿದ್ದರೂ ಸಲಹೆ ಕೊಡುವುದು ಅವಳ ಅಭ್ಯಾಸ.

“ಸೆನ್ಸೇ ಸುಮ್‌ಸುಮ್ನೆ ಯಾರನ್ನೂ ಹೊಗಳಲ್ಲ ಸರ್,” ಅಂದಳು. “ನಿಮ್ಗೂ ಆ ಮಾತು ಬೇಕು ಅಂದ್ರೆ ನೀವೂ ಹಂಗೇ ಆಕ್ಟ್ ಮಾಡ್ಬೇಕು. ನಿಮ್ಮ್ ಪೇಪರ್ ಓದಿದ್ರೆ ಖಂಡಿತ ಹೇಳಲ್ಲ.”

“ನನ್ ಹತ್ರ ವಾಚೇ ಇಲ್ವಲ್ರೀ. ನಾನು ಟೈಮ್ ನೋಡೋದು ಫೋನಲ್ಲಿ.”

ಅವಳು ತನ್ನ ಕೈಯಲ್ಲಿದ್ದ ವಾಚನ್ನೇ ಬಿಚ್ಚಿಕೊಟ್ಟಳು. ಅಣ್ಣ ದುಬೈಯಿಂದ ತಂದದ್ದು, ಬಂಗಾರದ ಬಣ್ಣ, ಅಗಲ ಹಪ್ಪಳದಷ್ಟು. ಕೊಟ್ಟವಳೇ ಆಫೀಸಿನಲ್ಲಿ ಸಣ್ಣ ಕೆಲಸವಿದೆ ಎಂದು ಎದ್ದುಹೋದಳು.

ಗುರುರಾಜ ಮೂವತ್ತೈದು ನಿಮಿಷಕ್ಕೆ ಅಳೆದು ಬರೆದಿದ್ದ ಪ್ರಬಂಧವನ್ನು ಬ್ಯಾಗಿಗೆ ತುರುಕಿದ. ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ಗ್ರೀಕ್ ದೊರೆಗಳ ಅಭಿನಯ ಶುರುಮಾಡಿದ. ಒಬ್ಬ ದೊರೆ ಪ್ರಾಣ ಬಿಡುತ್ತಿರುವಾಗ ಕಾವಲುಗಾರ ಓಡಿಬಂದು ಹೊಟ್ಟೆನೋವೇ, ಆಂಬ್ಯುಲೆನ್ಸ್ ಕರೆಯಲೇ ಎಂದು ಕೇಳಿದ. ಗುರುರಾಜ ಮೂರು ಸಲ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ ಬದುಕಿಕೊಂಡ.

ಮೂರಕ್ಕೆ ಭಾಷಣ ಆರಂಭವಾಯಿತು. ಅರ್ಧ ಗಂಟೆ ಕೂಗಿ, ಅತ್ತು, ಯುದ್ಧ ಮಾಡಿದರೂ ಸೆನ್ಸೇ ವಾಚಿನ ಸುದ್ದಿ ಎತ್ತಲಿಲ್ಲ. ಒಂದು ಗಂಟೆಯಾಯಿತು. ಆಗ ಗುರುರಾಜ ತನ್ನ ಕೊನೆಯ ಕತೆಗೆ ಕೈಹಾಕಿದ. ಒಬ್ಬ ಗ್ರೀಕ್ ದೊರೆ ಮಗಳಿಗೆ ಗಂಡು ಆರಿಸಲು ವರರನ್ನೆಲ್ಲ ಮನೆಯಲ್ಲಿಟ್ಟುಕೊಂಡು ಒಂದು ವರ್ಷ ಪರೀಕ್ಷಿಸುತ್ತಾನೆ. ಅವನು ಒಳಗೊಳಗೇ ಒಪ್ಪಿಕೊಂಡಿದ್ದ ಹುಡುಗ ಕೊನೆಯ ದಿನ ಔತಣದಲ್ಲಿ ಮೇಜು ಹತ್ತಿ, ತಲೆಕೆಳಗಾಗಿ ಕಾಲಾಡಿಸಿ ಕುಣಿಯುತ್ತಾನೆ. ಸಂಬಂಧ ಅಲ್ಲೇ ಮುರಿದುಬೀಳುತ್ತದೆ. ಇತಿಹಾಸಕಾರ ಇದನ್ನು ಬಿಗುವಾಗಿ, ಒಂದಿಷ್ಟೂ ನಗದೆ ಬರೆದಿರುವುದೇ ಇದರ ಹಾಸ್ಯ ಎಂದು ಬ್ಯಾಗಿನೊಳಗಿದ್ದ ಪ್ರಬಂಧ ಹೇಳುತ್ತಿತ್ತು. ಗುರುರಾಜ ಅದನ್ನು ಹೇಳುವ ಗೋಜಿಗೆ ಹೋಗದೆ ಮರ್ಯಾದೆಯಾಗಿ ಬೂಟು ಕಳಚಿಟ್ಟು ಮೇಜು ಹತ್ತಿದ.

ತಲೆಕೆಳಗೆ ನಿಲ್ಲಲು ಆಗಲಿಲ್ಲ. ಅಂಗಾತ ಮಲಗಿ ಎರಡೂ ಕಾಲು ಮೇಲೆತ್ತಿ ಆಡಿಸಿದ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ಸಭೆಯನ್ನೆಲ್ಲ ನೋಡಿತು. ಯಾರದೋ ಚಹಾದ ಕಪ್ಪು ಉರುಳಿತು. ಸೆನ್ಸೇ ಕಣ್ಣು ಮುಚ್ಚಿ ತೆರೆದು, ಮೃದುವಾಗಿ ಹೇಳಿದರು: “ಗುರುರಾಜ-ಸಾನ್, ಎಂಥ ಒಳ್ಳೆಯ ವಾಚ್ ಕಟ್ಟಿದ್ದೀರಿ.”

ಬಂತಲ್ಲ ಆ ಮಾತು! ಮಲಗಿದಲ್ಲಿಂದಲೇ ಅವನು ರಘುನಂದನನ ಮುಖ ನೋಡಿದ, ಅದು ಸಪ್ಪಗಾಗಿತ್ತು. ಆ ಖುಷಿಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಕುಣಿದ.

ಹೊರಗೆ ಬಂದವನೇ ಕುಮುದಾಗೆ ಫೋನ್ ಮಾಡಿದ. “ಪ್ಯಾಕಿಂಗೂ ಬೇಡ, ಏನೂ ಬೇಡ ಕಣೇ. ಸೆನ್ಸೇ ನನ್ ವಾಚ್ ಹೊಗಳಿದ್ರು.”

“ನಿಮ್ ಹತ್ರ ವಾಚ್ ಎಲ್ಲಿದೇರೀ?” ಅಂದಳು ಕುಮುದಾ. ಹೆಂಗಸರಿಗೆ ಇವೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡು ಅವನು ಫೋನ್ ಇಟ್ಟ.

ಐದು ಗಂಟೆಗೆ ಆಫೀಸಿನ ಹೊರಿಯೆ-ಸಾನ್ ಕರೆದರು. ಕ್ಯೋಟೋದಲ್ಲೇ ಹುಟ್ಟಿ ಬೆಳೆದ, ವಯಸ್ಸಾದ ಹೆಂಗಸು. ಗುರುರಾಜ ಹುದ್ದೆಯ ಪತ್ರಕ್ಕೆ ಕೈ ಚಾಚಿದ. ಅವರು ಅವನ ಮಣಿಕಟ್ಟನ್ನು ನೋಡಿ ನಿಟ್ಟುಸಿರು ಬಿಟ್ಟರು.

“ನಿಮಗೂ ಹಾಗೆ ಹೇಳಿಬಿಟ್ಟರಂತಲ್ಲ, ಪಾಪ,” ಅಂದರು. ಕ್ಯೋಟೋದ ಹಳಬರು ಎದುರಿನವರ ಮಾತು ವಿಪರೀತ ಉದ್ದವಾದರೆ ನಿಲ್ಲಿಸಿ ಅನ್ನುವುದಿಲ್ಲವಂತೆ. ವಾಚು ಚೆನ್ನಾಗಿದೆ ಅನ್ನುತ್ತಾರಂತೆ. ಆಗಲಾದರೂ ಮನುಷ್ಯ ಅದನ್ನು ನೋಡಿಕೊಂಡಾನು ಅಂತ. “ಬೆಳಿಗ್ಗೆ ರಘುನಂದನ್-ಸಾನ್ ಮಾತಾಡಿದ ಮೇಲೆ ಸೆನ್ಸೇ ನಿಮ್ಮ ಹೆಸರಿಗೇ ಪತ್ರ ಟೈಪ್ ಮಾಡಿಸಿದ್ದರು. ಈತ ವಿಷಯ ಹೇಳಿ ಕೂರುತ್ತಾನೆ ಅಂತಿದ್ದರು. ಈಗ ಹರಿದುಹಾಕಿ ಅಂದಿದ್ದಾರೆ.”

ಗುರುರಾಜನ ಬಾಯಿಂದ ಮೊದಲು ಹೊರಟ ಪ್ರಶ್ನೆ ಒಂದೇ. “ಹಾಗಾದರೆ ರಘುನಂದನನಿಗೆ ಸಿಕ್ಕಿತೇ?”

ಇಲ್ಲ ಅಂದರು ಹೊರಿಯೆ-ಸಾನ್. ಈ ದಿನ ಬೆಳಿಗ್ಗೆಯಿಂದ ಮೊದಲ ಸಲ ಅವನ ಹೊಟ್ಟೆ ತಣ್ಣಗಾಯಿತು.

“ಹುದ್ದೆ ಶರ್ವಾಣಿ-ಸಾನ್‌ಗೆ,” ಅಂದರು ಅವರು. “ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಅರ್ಜಿ ಕೊಟ್ಟು ಹೋದರು.”

ಗುರುರಾಜ ಅವಳ ವಾಚನ್ನು ಬಿಚ್ಚುತ್ತ, ಸೆನ್ಸೇ ಅವಳ ಬಗ್ಗೆ ಏನೆಂದು ಹೊಗಳಿದರು ಎಂದು ಕೇಳಿದ.

“ಅವರನ್ನೇ? ಐದು ವರ್ಷದಲ್ಲಿ ಒಂದು ಸಲವೂ ಹೊಗಳಿಲ್ಲವಲ್ಲ,” ಅಂದರು ಹೊರಿಯೆ-ಸಾನ್.

ಹುದ್ದೆ ಹೋದ ದುಃಖಕ್ಕಿಂತ ಹೆಚ್ಚಾಗಿ, ಒಮ್ಮೆಯೂ ಹೊಗಳಿಸಿಕೊಳ್ಳದ ಆ ಅದೃಷ್ಟವಂತೆಯ ಮೇಲೆ ಗುರುರಾಜನಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.